ಬಂಗು, ಬಿಸಿಲು ಮತ್ತು ಎರಡು ಬೆರಳಿನ ಅಳತೆ: ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಆಯ್ದುಕೊಳ್ಳುವ ಬಗೆ

ಕೆನ್ನೆಯ ಮೇಲಿನ ಬಂಗು ದಟ್ಟವಾಗುತ್ತಿದೆ ಎಂದು ನಾಲ್ಕು ವರ್ಷದ ಹಿಂದೆ ಚರ್ಮವೈದ್ಯರ ಬಳಿ ಹೋಗಿದ್ದೆ. "ಸನ್‌ಸ್ಕ್ರೀನ್ ಹಚ್ಚುತ್ತೀರಾ?" ಎಂದು ಕೇಳಿದರು. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ ಎಂದು ಹೇಳಿ, ಚೀಲದಲ್ಲಿದ್ದ ಟ್ಯೂಬನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಕಂಪನಿಯ ಹೆಸರು ನೋಡಲಿಲ್ಲ, ತೂಕ ನೋಡಿದರು. "ಐವತ್ತು ಗ್ರಾಂ. ಇದು ನಿಮಗೆ ಎಷ್ಟು ದಿನ ಬರುತ್ತದೆ?" ಎಂಟು ತಿಂಗಳು ಎಂದೆ. ಔಷಧಿ ಚೀಟಿಯ ಬೆನ್ನಿಗೆ ಅವರು ಲೆಕ್ಕ ಬರೆದರು: 50 ಗ್ರಾಂ, 240 ದಿನ, ಅಂದರೆ ದಿನಕ್ಕೆ ಸುಮಾರು 0.2 ಗ್ರಾಂ. ಮುಖಕ್ಕೂ ಕುತ್ತಿಗೆಗೂ ಸೇರಿ ಒಂದು ಸಲಕ್ಕೆ ಬೇಕಾಗುವುದು ಒಂದು ಗ್ರಾಂಗಿಂತ ತುಸು ಹೆಚ್ಚು. ನಾನು ಹಚ್ಚುತ್ತಿದ್ದದ್ದು ಅದರ ಐದನೆಯ ಒಂದು ಪಾಲು. ಎರಡು ವರ್ಷ ನಾನು ಹೆಚ್ಚುಕಡಿಮೆ ಬರಿಯ ಮುಖದಲ್ಲೇ ಬಿಸಿಲಿನಲ್ಲಿ ಓಡಾಡಿದ್ದೆ.

ಆ ಚೀಟಿ ಈಗಲೂ ನನ್ನ ಬಳಿ ಇದೆ. ಆಮೇಲೆ ಓದಿ, ಕೇಳಿ, ಹಚ್ಚಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಗೋಧಿಬಣ್ಣದಿಂದ ಕಡುಗಂದಿನವರೆಗಿನ ನಮ್ಮ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಸನ್‌ಸ್ಕ್ರೀನ್ ಕುರಿತ ಸಲಹೆಗಳಲ್ಲಿ ಬಹುಪಾಲು ಬಿಳಿಯ ಚರ್ಮದವರಿಗಾಗಿ ಹುಟ್ಟಿದವು. ಅವರ ಮೊದಲ ಭಯ ಸುಟ್ಟ ಗಾಯ ಮತ್ತು ಚರ್ಮದ ಕ್ಯಾನ್ಸರ್. ನಮ್ಮಲ್ಲಿ ಹೆಚ್ಚಿನವರನ್ನು ಕಾಡುವುದು ಬಂಗು, ಮೊಡವೆ ಹೋದ ಮೇಲೂ ಉಳಿಯುವ ಕಪ್ಪು ಕಲೆ, ಹಣೆ ಮತ್ತು ಕೆನ್ನೆಗಳ ಬಣ್ಣ ಒಂದೇ ಸಮನಾಗಿ ಇಲ್ಲದಿರುವುದು. ತೊಂದರೆ ಬೇರೆಯಾದರೆ ಆಯ್ಕೆಯೂ ಬೇರೆಯಾಗುತ್ತದೆ.

ಮೊದಲೇ ಒಂದು ಮಾತು. ಸನ್‌ಸ್ಕ್ರೀನ್ ಬೆಳ್ಳಗಾಗುವ ಕ್ರೀಮ್ ಅಲ್ಲ. "ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯ" ಎಂದು ಹೆಣ್ಣುಮಕ್ಕಳನ್ನು ಹೆದರಿಸುವ ಮನೆಮಾತಿಗೆ ಈ ಬರಹ ದನಿಗೂಡಿಸುವುದಿಲ್ಲ. ಹುಟ್ಟಿನಿಂದ ಬಂದ ಬಣ್ಣಕ್ಕೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಬಿಸಿಲಿನ ಪೆಟ್ಟಿಗೆ ಮಾತ್ರ ತಡೆ ಬೇಕು.

ಮೊದಲ ಹೆಜ್ಜೆ: ನಿಮ್ಮ ಬಿಸಿಲನ್ನು ತಿಳಿಯಿರಿ

ಸೆಕೆಯೇ ಬೇರೆ, ಬಿಸಿಲಿನಲ್ಲಿ ಕಣ್ಣಿಗೆ ಕಾಣದೆ ಬರುವ ನೇರಳಾತೀತ (ಯುವಿ) ಕಿರಣವೇ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾವು ಹೆಚ್ಚು ಮೋಸಹೋಗುತ್ತೇವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೈ ಸುಡುತ್ತದೆ, ಹಾಗಾಗಿ ಜನ ತಾವಾಗಿಯೇ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ ತಂಗಾಳಿ ಬೀಸುತ್ತಿರುತ್ತದೆ, ಬಿಸಿಲು ಹಿತವೆನಿಸುತ್ತದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣದ ತೀವ್ರತೆ ಶೇಕಡಾ 10ರಷ್ಟು ಹೆಚ್ಚುತ್ತದೆ. ಗಾಳಿ ತಂಪಾಗಿದ್ದ ಮಾತ್ರಕ್ಕೆ ಕಿರಣ ಮೆದುವಾಗಿರುವುದಿಲ್ಲ.

ಅಳೆಯಲು ಎರಡು ದಾರಿಗಳಿವೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ಎಂಬ ಅಂಕಿ ಇರುತ್ತದೆ. 2ರವರೆಗೆ ಚಿಂತೆಯಿಲ್ಲ. 3 ದಾಟಿದರೆ ರಕ್ಷಣೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 8ರಿಂದ 10 ಅತಿ ಹೆಚ್ಚು, 11 ಮತ್ತು ಅದಕ್ಕೂ ಮೇಲೆ ವಿಪರೀತ. ಮಾರ್ಚಿನಿಂದ ಮೇವರೆಗೆ ನಮ್ಮ ನಾಡಿನ ಮಧ್ಯಾಹ್ನಗಳಲ್ಲಿ 11 ದಾಟುವುದು ಸಾಮಾನ್ಯ.

ಎರಡನೆಯ ದಾರಿಗೆ ಮೊಬೈಲೂ ಬೇಡ: ನಿಮ್ಮ ನೆರಳನ್ನು ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ ಮೇಲೇರಿದ್ದಾನೆ, ಕಿರಣ ತೀವ್ರವಾಗಿದೆ ಎಂದು ತಿಳಿಯಬಹುದು. ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತೆ ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಶಾಲಾ ಮಕ್ಕಳು ಅಂಗಳದಲ್ಲಿ ಕಂಬ ನಿಲ್ಲಿಸಿ ಈ ಶೂನ್ಯ ನೆರಳಿನ ದಿನವನ್ನು ಆಚರಿಸುವುದನ್ನು ನೀವು ನೋಡಿರಬಹುದು. ಆಗಸ್ಟ್ ಎಂದರೆ ನಮಗೆ ಮಳೆಗಾಲ, ಶ್ರಾವಣದ ಮೋಡ. ಆದರೂ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ತೆಳು ಮೋಡ ನೇರಳಾತೀತ ಕಿರಣವನ್ನು ಬಹುಪಾಲು ಒಳಬಿಡುತ್ತದೆ. ಜೂನ್ ಬಂತೆಂದು ಟ್ಯೂಬನ್ನು ಕಪಾಟಿಗೆ ಸೇರಿಸುವುದು ಸರಿಯಲ್ಲ.

ಎರಡನೆಯ ಹೆಜ್ಜೆ: ಮೂರು ಬಗೆಯ ಬೆಳಕಿನ ಪರಿಚಯ

ನೆಲ ಮುಟ್ಟುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ, ಉರಿ ಮತ್ತು ಕೆಂಪು ತರುತ್ತದೆ, ನಡುಮಧ್ಯಾಹ್ನ ಹೆಚ್ಚಿರುತ್ತದೆ. ಯುವಿ-ಎ ಆಳಕ್ಕೆ ಇಳಿಯುತ್ತದೆ, ಉರಿ ತರದೆ ಸದ್ದಿಲ್ಲದೆ ಚರ್ಮವನ್ನು ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ. ನೆಲಕ್ಕೆ ಬರುವ ನೇರಳಾತೀತದಲ್ಲಿ ಶೇಕಡಾ 95ರಷ್ಟು ಇದೇ. ಬೆಳಗಿನಿಂದ ಸಂಜೆಯವರೆಗೆ ಇದರ ಏರಿಳಿತ ಯುವಿ-ಬಿಗಿಂತ ಕಡಿಮೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯನ್ನು ಒಳಬಿಡುತ್ತದೆ. 28 ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕರೊಬ್ಬರ ಭಾವಚಿತ್ರವನ್ನು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗಟ್ಟಿ ಆಳವಾದ ಗೆರೆಗಳಾಗಿದ್ದವು. ಬಲಗೆನ್ನೆ ಹತ್ತಾರು ವರ್ಷ ಚಿಕ್ಕವರದೆಂಬಂತೆ ಕಾಣುತ್ತಿತ್ತು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಚಾಲಕರು ಬಲಗೆನ್ನೆ, ಬಲಗೈಗಳ ಕಡೆಗೆ ಗಮನ ಕೊಡಬೇಕು. ಕಿಟಕಿ ಪಕ್ಕ ಮೇಜು ಹಾಕಿಕೊಂಡು ಕೂರುವವರಿಗೂ ಇದು ಅನ್ವಯಿಸುತ್ತದೆ.

ಮೂರನೆಯದು ಕಣ್ಣಿಗೆ ಕಾಣುವ ಬೆಳಕು. ನಮ್ಮಂಥ ಚರ್ಮದವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು, ಅಂಗಡಿಯಲ್ಲಿ ಮಾತ್ರ ಇದರ ಸುದ್ದಿಯೇ ಬರುವುದಿಲ್ಲ. ಬಿಸಿಲಿನ ನೀಲಿ ಮತ್ತು ನೇರಳೆ ಬೆಳಕು ಕಂದು ಚರ್ಮದಲ್ಲಿ ದಟ್ಟವಾದ, ಬೇಗ ಮಾಸದ ಕಪ್ಪನ್ನು ತರುತ್ತದೆ. ತೀರ ಬಿಳಿಯ ಚರ್ಮದಲ್ಲಿ ಈ ಪರಿಣಾಮ ಕಾಣುವುದಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್, ಎಷ್ಟೇ ದುಬಾರಿಯದಾಗಲಿ, ಪಾರದರ್ಶಕವಾಗಿದ್ದರೆ ಈ ಬೆಳಕನ್ನು ತಡೆಯಲಾರದು. ಕಣ್ಣಿಗೆ ಕಾಣುವ ಬೆಳಕನ್ನು ತಡೆಯಬೇಕೆಂದರೆ ತಡೆಯುವ ವಸ್ತುವೂ ಕಣ್ಣಿಗೆ ಕಾಣಲೇಬೇಕು. ಮೊಬೈಲ್ ಪರದೆಯ ಬೆಳಕಿನ ಬಗ್ಗೆ ಹೆದರಿಸಿ ಕ್ರೀಮ್ ಮಾರುವವರಿದ್ದಾರೆ. ಬಿಸಿಲಿನ ಮುಂದೆ ಆ ಬೆಳಕು ಲೆಕ್ಕಕ್ಕೇ ಬಾರದು, ಅದಕ್ಕಾಗಿ ಹಣ ಖರ್ಚು ಮಾಡಬೇಡಿ.

ಮೂರನೆಯ ಹೆಜ್ಜೆ: ಡಬ್ಬಿಯ ಮೇಲಿನ ಅಕ್ಷರ ಓದುವುದು

ಅಂಗಡಿಯಲ್ಲಿ ಡಬ್ಬಿಯನ್ನು ತಿರುಗಿಸಿ ನಿಧಾನವಾಗಿ ಓದಿ. ಐದು ನಿಮಿಷ ಸಾಕು.

ಎಸ್‌ಪಿಎಫ್ ಎಂಬುದು ಮುಖ್ಯವಾಗಿ ಯುವಿ-ಬಿ ತಡೆಯ ಅಳತೆ. 15 ಇದ್ದರೆ ಸುಮಾರು ಶೇಕಡಾ 93, 30 ಇದ್ದರೆ 97, 50 ಇದ್ದರೆ 98ರಷ್ಟು ತಡೆ. ಈ ಲೆಕ್ಕ ನೋಡಿ 30ಕ್ಕೂ 50ಕ್ಕೂ ಏನೂ ಭೇದವಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಗೆ ನುಸುಳುವುದನ್ನು ಎಣಿಸಿ: ಒಂದರಲ್ಲಿ 3 ಪಾಲು, ಇನ್ನೊಂದರಲ್ಲಿ 2 ಪಾಲು. ಅದಲ್ಲದೆ ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ನಾವು ಹಚ್ಚುವುದು ಬಹಳವೆಂದರೆ ಅದರ ಅರ್ಧ. ಕಡಿಮೆ ಹಚ್ಚುವ ಕೈಗೆ 50 ಎಂಬ ಅಂಕಿ ಒಂದಿಷ್ಟು ಉಳಿತಾಯದ ಗಂಟು ಇದ್ದಂತೆ. ಬಂಗು ಇರುವವರು 50 ತೆಗೆದುಕೊಳ್ಳಿ. ಹೆಚ್ಚಿನ ಹೊತ್ತು ಒಳಗೇ ಇರುವ, ಯಾವ ಕಲೆಯೂ ಇಲ್ಲದವರಿಗೆ 30 ನಡೆಯುತ್ತದೆ. 100ರ ಹಿಂದೆ ಹೋಗುವುದು ಬೇಡ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಎಸ್‌ಪಿಎಫ್ 50 ಅಂದರೆ 50 ಗಂಟೆಯೂ ಅಲ್ಲ, 50 ನಿಮಿಷವೂ ಅಲ್ಲ. ಅದು ಕಾಲದ ಅಳತೆಯೇ ಅಲ್ಲ.

ಯುವಿ-ಎ ತಡೆಗೆ ಪಿಎ ಎಂಬ ಗುರುತು ನೋಡಿ. ಜಪಾನಿನಲ್ಲಿ ಹುಟ್ಟಿದ ಈ ಅಳತೆಯಲ್ಲಿ ಒಂದರಿಂದ ನಾಲ್ಕರವರೆಗೆ ಕೂಡಿಸುವ ಚಿಹ್ನೆಗಳಿರುತ್ತವೆ. ಮೂರಕ್ಕಿಂತ ಕಡಿಮೆಯಿದ್ದರೆ ಬಿಡಿ, ನಾಲ್ಕಿದ್ದರೆ ಒಳ್ಳೆಯದು. ಯುರೋಪಿನಿಂದ ಬಂದ ಡಬ್ಬಿಯಾದರೆ ವೃತ್ತದೊಳಗೆ ಯುವಿ-ಎ ಎಂದು ಬರೆದಿರುತ್ತದೆ. ಯುವಿ-ಎ ತಡೆ ಎಸ್‌ಪಿಎಫ್‌ನ ಮೂರನೆಯ ಒಂದು ಭಾಗಕ್ಕಾದರೂ ಸಮ ಎಂಬುದು ಅದರ ಅರ್ಥ. ಅಮೆರಿಕದಿಂದ ನೆಂಟರು ತಂದುಕೊಟ್ಟದ್ದರಲ್ಲಿ ಇವೆರಡೂ ಇರುವುದಿಲ್ಲ, "ಬ್ರಾಡ್ ಸ್ಪೆಕ್ಟ್ರಮ್" ಎಂದಷ್ಟೇ ಇರುತ್ತದೆ. ಅದನ್ನು ಬಳಸಬಹುದು, ಆದರೆ ಎಷ್ಟು ತಡೆ ಎಂಬ ಮಟ್ಟ ಅದರಿಂದ ತಿಳಿಯುವುದಿಲ್ಲ.

ಈಗ ಘಟಕಗಳ ಪಟ್ಟಿ. ಬಂಗು ಇರುವವರು ಮೊದಲು ಹುಡುಕಬೇಕಾದದ್ದು ಐರನ್ ಆಕ್ಸೈಡ್. ಕಾಣುವ ಬೆಳಕನ್ನು ತಡೆಯುವುದು ಇದೇ. ಹಳದಿ, ಕೆಂಪು, ಕಪ್ಪು ಬಣ್ಣದ ಕಬ್ಬಿಣದ ಪುಡಿಗಳಿವು, ಒಂದು ರೀತಿಯಲ್ಲಿ ನಮ್ಮ ಕೆಮ್ಮಣ್ಣಿನ ಬಣ್ಣವೇ. ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೂ ಸಿಐ 77491, 77492, 77499 ಎಂಬ ಸಂಖ್ಯೆಗಳಿರುತ್ತವೆ. ಈ ಅಂಕಿಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ಬಣ್ಣವಿರುವ ಇಂಥ ಸನ್‌ಸ್ಕ್ರೀನಿಗೆ "ಟಿಂಟೆಡ್" ಎನ್ನುತ್ತಾರೆ. 2014ರಲ್ಲಿ ಮೆಕ್ಸಿಕೋದ ಚರ್ಮತಜ್ಞರು ಬಂಗು ಇರುವವರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಒಂದೇ ಔಷಧ ಕೊಟ್ಟು, ಒಂದು ಗುಂಪಿಗೆ ಸಾಮಾನ್ಯ ಸನ್‌ಸ್ಕ್ರೀನ್, ಇನ್ನೊಂದಕ್ಕೆ ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೊಟ್ಟು ನೋಡಿದರು. ಎರಡನೆಯ ಗುಂಪಿನ ಬಂಗು ಹೆಚ್ಚು ತಿಳಿಯಾಯಿತು. ನನ್ನ ಕೆನ್ನೆಯ ಅನುಭವವೂ ಇದೇ. ಅಳತೆ ಸರಿಮಾಡಿದ ಮೇಲೆ ಸ್ವಲ್ಪ, ಟಿಂಟೆಡ್‌ಗೆ ಬದಲಾದ ಮೇಲೆ ಇನ್ನಷ್ಟು ವ್ಯತ್ಯಾಸ ಕಂಡಿತು. ಪೂರ್ತಿ ಹೋಗಿಲ್ಲ. ಬಂಗು ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಆಣೆ ಮಾಡಿದರೆ ನಂಬಬೇಡಿ.

ತೊಂದರೆ ಒಂದಿದೆ: ಮಾರುಕಟ್ಟೆಯ ಎಷ್ಟೋ ಟಿಂಟೆಡ್ ಟ್ಯೂಬ್‌ಗಳ ಬಣ್ಣ ನಮ್ಮಲ್ಲಿ ಅರ್ಧ ಜನರ ಮುಖಕ್ಕೆ ಹೊಂದುವುದಿಲ್ಲ. ಬೂದಿ ಬಳಿದಂತೆ ಕಾಣುತ್ತದೆ. ದವಡೆಯ ಅಂಚಿನಲ್ಲಿ ಹಚ್ಚಿ, ಅಂಗಡಿಯ ದೀಪ ಬಿಟ್ಟು ಹೊರಗೆ ಬಂದು ಬಾಗಿಲಲ್ಲಿ ನಿಂತು ನೋಡಿ. ಹೊಂದುವ ಬಣ್ಣ ಸಿಗದಿದ್ದರೆ ಮೊದಲು ಸಾಮಾನ್ಯ ಸನ್‌ಸ್ಕ್ರೀನ್, ಅದು ಆರಿದ ಮೇಲೆ ನಿಮ್ಮ ಬಣ್ಣದ ಫೌಂಡೇಶನ್ ಹಚ್ಚಬಹುದು. ಫೌಂಡೇಶನ್‌ಗೆ ಬಣ್ಣ ಬರುವುದೂ ಐರನ್ ಆಕ್ಸೈಡಿನಿಂದಲೇ.

ಉಳಿದ ಘಟಕಗಳಲ್ಲಿ "ಭೌತಿಕ", "ರಾಸಾಯನಿಕ" ಎಂಬ ಜಗಳ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಖನಿಜಗಳು, "ಭೌತಿಕ" ಎನ್ನುವುದು ಇವನ್ನೇ. ಇವು ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆ ಹೊಡೆಯುತ್ತವೆ ಎಂದು ಹೇಳುವುದು ರೂಢಿ. ನಿಜಕ್ಕೂ ಇವು ಕೂಡ ನೇರಳಾತೀತವನ್ನು ಬಹುಪಾಲು ಹೀರಿಕೊಂಡೇ ತಡೆಯುತ್ತವೆ. ಸೂಕ್ಷ್ಮ ಚರ್ಮದವರಿಗೆ, ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಇವು ಒಳ್ಳೆಯ ಆಯ್ಕೆ. ಕಂದು ಚರ್ಮದ ಮೇಲೆ ಬಿಳಿ ಪದರ ಕಾಣಿಸುವುದು ಇವುಗಳ ದೋಷ. ಅವೊಬೆಂಜೋನ್, ಬೆಮೊಟ್ರಿಜಿನಾಲ್ ಮೊದಲಾದವು ಪ್ರಯೋಗಾಲಯದಲ್ಲಿ ತಯಾರಾದ, ಕಿರಣವನ್ನು ಹೀರುವ ಇಂಗಾಲದ ಸಂಯುಕ್ತಗಳು, "ರಾಸಾಯನಿಕ" ಎನ್ನುವುದು ಇವನ್ನೇ. ಇವು ಬಿಳಿ ಪದರ ಬಿಡುವುದಿಲ್ಲ, ಬೆವರುವ ಮುಖಕ್ಕೆ ಹಗುರ. ಅವೊಬೆಂಜೋನ್ ಒಂದೇ ಇದ್ದರೆ ಬಿಸಿಲಿಗೆ ತಾನೇ ಒಡೆದು ಬಲ ಕಳೆದುಕೊಳ್ಳುತ್ತದೆ. ಆಕ್ಟೊಕ್ರಿಲೀನ್‌ನಂಥ ಜೊತೆಗಾರ ಇದ್ದರೆ ನಿಲ್ಲುತ್ತದೆ. ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ ಹವಳದ ದಿಬ್ಬಗಳ ಹಿತಕ್ಕಾಗಿ 2021ರಿಂದ ತಡೆದಿದೆ. ಬೇರೆ ಆಯ್ಕೆಗಳಿರುವಾಗ ಈ ಎರಡನ್ನು ನಾನು ಕೊಳ್ಳುವುದಿಲ್ಲ.

ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್ ಕಾನೂನಿನ ಕಣ್ಣಿಗೆ ಔಷಧವಲ್ಲ, ಸೌಂದರ್ಯವರ್ಧಕ. ಹಾಗಾಗಿ ಡಬ್ಬಿಯ ಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ನಿಯಮ ಬಿಗಿಯಿರುವ ಆಸ್ಟ್ರೇಲಿಯಾದಲ್ಲೇ 2025ರಲ್ಲಿ ಚಾಯ್ಸ್ ಎಂಬ ಗ್ರಾಹಕ ಸಂಸ್ಥೆ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷಿಸಿದಾಗ 16 ತಮ್ಮ ಡಬ್ಬಿಯ ಮೇಲಿನ ಎಸ್‌ಪಿಎಫ್ ಮುಟ್ಟಲಿಲ್ಲ. ಮನುಷ್ಯರ ಚರ್ಮದ ಮೇಲೆ ಪರೀಕ್ಷೆ ನಡೆಸಿ ಅದರ ವರದಿಯನ್ನು ತನ್ನ ಜಾಲತಾಣದಲ್ಲಿ ಹಾಕಿರುವ ಕಂಪನಿಗೆ ಆದ್ಯತೆ ಕೊಡಿ. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ.

ನಾಲ್ಕನೆಯ ಹೆಜ್ಜೆ: ನಿಮ್ಮ ಮುಖಕ್ಕೆ ಯಾವುದು

ಎಣ್ಣೆ ಹೆಚ್ಚಿರುವ, ಮೊಡವೆ ಏಳುವ ಮುಖಕ್ಕೆ ಜೆಲ್ ಅಥವಾ ನೀರಿನಂಥ ತೆಳು ದ್ರವ. ಒಣ ಚರ್ಮಕ್ಕೆ ಕ್ರೀಮ್. ಮಂಗಳೂರು, ಕಾರವಾರದ ಕಡೆ ಬೆವರು ಬಿಡದೆ ಸುರಿಯುವಲ್ಲಿ ನೀರಿಗೆ ಜಗ್ಗದ ಬಗೆ ಬೇಕು. ಅಲ್ಲಿಯ ಮರಳು ಮತ್ತು ಅಲೆಯ ನೊರೆ ಕೂಡ ಕಿರಣವನ್ನು ಮುಖಕ್ಕೆ ತಿರುಗಿಸುತ್ತವೆ. ಗಡ್ಡ ಬಿಟ್ಟ ಗಂಡಸರಿಗೆ ಕ್ರೀಮ್ ಅಂಟುತ್ತದೆ, ತೆಳು ದ್ರವ ಚೆನ್ನ. ಸ್ಪ್ರೇ ಮತ್ತು ಪೌಡರ್ ರೂಪದವುಗಳಿಂದ ಸಾಕಷ್ಟು ಪ್ರಮಾಣ ಮೈಮೇಲೆ ಕೂರುವುದೇ ಕಷ್ಟ. ಅವನ್ನು ಮಾತ್ರ ನಂಬಿ ಹೊರಡಬೇಡಿ.

ದಿನವೂ ಹಚ್ಚಲು ಮನಸ್ಸು ಬರುವಂಥದ್ದನ್ನೇ ಆರಿಸಿ. ಹಚ್ಚಿದರೆ ಜಿಡ್ಡೆನಿಸುವ ಒಂದೂವರೆ ಸಾವಿರದ ಟ್ಯೂಬಿಗಿಂತ, ಬೇಸರವಿಲ್ಲದೆ ಎರಡು ಬೆರಳು ತುಂಬ ಹಚ್ಚಬಹುದಾದ ನಾಲ್ಕುನೂರರದ್ದು ಮೇಲು. ಹೊಸದನ್ನು ತಂದ ದಿನವೇ ಮುಖಕ್ಕೆ ಬಳಿಯದೆ ಕಿವಿಯ ಹಿಂಭಾಗದಲ್ಲೋ ಮೊಣಕೈ ಒಳಮಗ್ಗುಲಲ್ಲೋ ಮೂರು ದಿನ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಇಲ್ಲದಿದ್ದರೆ ಮುಂದುವರಿಯಿರಿ.

ಐದನೆಯ ಹೆಜ್ಜೆ: ಅಳತೆ

ತೋರುಬೆರಳು ಮತ್ತು ನಡುಬೆರಳನ್ನು ಚಾಚಿ. ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆಯಿರಿ. ಮುಖಕ್ಕೂ ಕುತ್ತಿಗೆಗೂ ಅಷ್ಟು ಬೇಕು. ತೀರ ತೆಳುವಾದ ದ್ರವವಾದರೆ ಬೆರಳ ಮೇಲೆ ನಿಲ್ಲುವುದಿಲ್ಲ, ಆಗ ಕಾಲು ಟೀ ಚಮಚದ ಲೆಕ್ಕ ಇಟ್ಟುಕೊಳ್ಳಿ. ಮೊದಲ ದಿನ ಇದು ವಿಪರೀತ ಎನಿಸುತ್ತದೆ. ಒಂದೇ ಸಲ ಬಳಿಯಬೇಡಿ. ಮೊದಲ ಬೆರಳಿನದನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟು ಹರಡಿ, ಎರಡು ನಿಮಿಷ ಬಿಟ್ಟು ಎರಡನೆಯದನ್ನು ಹಚ್ಚಿ. ಗಸಗಸ ತಿಕ್ಕುವ ಅಗತ್ಯವಿಲ್ಲ, ಮೇಲೆ ಒಂದೇ ಸಮನಾದ ಪದರವಾಗಿ ಕೂತರೆ ಸಾಕು.

ಕಿವಿ, ಕತ್ತಿನ ಹಿಂಭಾಗ, ಬೈತಲೆ, ಮೂಗಿನ ಪಕ್ಕದ ಮಡಿಕೆ, ಅಂಗೈಯ ಹಿಂಬದಿ, ಚಪ್ಪಲಿ ಹಾಕಿದ ಪಾದ: ಮರೆಯುವ ಜಾಗಗಳು ಇವೇ. ಮೇಲ್ದುಟಿಯ ಮೇಲೆ ಬಂಗು ಬರುವವರು ಅಲ್ಲಿ ಹಚ್ಚಿದ್ದು ಬೆವರಿಗೆ, ಕಾಫಿಗೆ, ಕರವಸ್ತ್ರಕ್ಕೆ ಮೊದಲು ಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ಕ್ರಮ ಹೀಗೆ: ಮುಖ ತೊಳೆದು, ಬೇಕಿದ್ದರೆ ಮಾಯಿಶ್ಚರೈಸರ್, ಕೊನೆಗೆ ಸನ್‌ಸ್ಕ್ರೀನ್, ಅದರ ಮೇಲೆ ಕಾಡಿಗೆ ಕುಂಕುಮ ಮೇಕಪ್ಪು. ಹೊರಡುವುದಕ್ಕೆ 15-20 ನಿಮಿಷ ಮೊದಲು ಹಚ್ಚಿ. ತಿಂಡಿಗೆ ಕೂರುವ ಮುಂಚೆ ಹಚ್ಚಿದರೆ ಹೊರಡುವ ಹೊತ್ತಿಗೆ ಆರಿರುತ್ತದೆ.

ಆರನೆಯ ಹೆಜ್ಜೆ: ಮತ್ತೆ ಹಚ್ಚುವುದು

ಎರಡು ಗಂಟೆಗೊಮ್ಮೆ ಎಂಬ ನಿಯಮ ಬಯಲಿನಲ್ಲಿ ಇರುವವರಿಗೆ. ಕ್ರಿಕೆಟ್ ಆಡುವವರು, ಜಾತ್ರೆಯಲ್ಲಿ ಅಂಗಡಿ ಹಾಕಿದವರು, ಊಟ ತಲುಪಿಸುವ ಹುಡುಗರು, ಸಂಚಾರಿ ಪೊಲೀಸರು, ಸಮೀಕ್ಷೆಗೆಂದು ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು ಅದನ್ನು ಪಾಲಿಸಲೇಬೇಕು. ಬೆವರು ಒರೆಸಿದ ಮೇಲೆ, ಈಜಿದ ಮೇಲೆ ಎರಡು ಗಂಟೆ ಕಾಯುವಂತೆಯೂ ಇಲ್ಲ. ಬೆಳಿಗ್ಗೆ ಕಚೇರಿ ಸೇರಿ ಸಂಜೆಯವರೆಗೆ ಕಿಟಕಿಯಿಂದ ದೂರ ಕೂರುವವರು ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗುವ ಮುನ್ನ ಒಮ್ಮೆ ಹಚ್ಚಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡು ಗಂಟೆಯ ನಿಯಮಕ್ಕೆ ಹೆದರಿ ಇಡೀ ಅಭ್ಯಾಸವನ್ನೇ ಕೈಬಿಟ್ಟವರನ್ನು ನೋಡಿದ್ದೇನೆ. ಹಾಗೆ ಆಗುವುದಕ್ಕಿಂತ ಬೆಳಗಿನದೊಂದು ಸರಿಯಾದ ಅಳತೆಯಲ್ಲಿ ನಿಲ್ಲಲಿ.

ಮೇಕಪ್ ಇದ್ದಾಗ ಸ್ಟಿಕ್ ರೂಪದ್ದನ್ನು ನಾಲ್ಕು ಸಲ ಎಳೆಯಬಹುದು. ಬೆವರಿದ್ದರೆ ಮೊದಲು ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸ್ಕೂಟರಿನಲ್ಲಿ ಓಡಾಡುವವರು ಹೆಲ್ಮೆಟ್ಟಿನ ಗಾಜನ್ನು ಕೆಳಗಿಳಿಸಿ. ಪಾಲಿಕಾರ್ಬೊನೇಟ್ ಗಾಜು ನೇರಳಾತೀತವನ್ನು ಬಹುಪಾಲು ತಡೆಯುತ್ತದೆ. ಹ್ಯಾಂಡಲ್ ಹಿಡಿದ ಕೈಗಳಿಗೆ ಮಾತ್ರ ಗವಸು ಬೇಕು.

ಬಟ್ಟೆಯ ಮಾತು

ನಮ್ಮ ಊರಿನ ಕಡೆ ನಾಟಿ, ಕೊಯ್ಲಿಗೆ ಇಳಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ, ತಲೆಗೆ ಟವಲು ಕಟ್ಟುತ್ತಾರೆ. ನನ್ನ ಅಮ್ಮನೂ ಹಾಗೇ ಗದ್ದೆಗೆ ಹೋಗುತ್ತಿದ್ದಳು. ಇಂದಿಗೂ ಅವಳ ತೋಳಿನ ಚರ್ಮ ಮುಖದ ಚರ್ಮಕ್ಕಿಂತ ಇಪ್ಪತ್ತು ವರ್ಷ ಎಳೆಯದು. ಯಾವ ಸನ್‌ಸ್ಕ್ರೀನೂ ಆ ಅಂಗಿಗೆ ಸಮವಲ್ಲ: ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ, ಬೆವರಿಗೆ ಕರಗುವುದಿಲ್ಲ. ಒತ್ತಾದ ನೇಯ್ಗೆ, ಗಾಢ ಬಣ್ಣ ಹೆಚ್ಚು ತಡೆಯುತ್ತದೆ. ತೆಳು ಬಿಳಿ ಹತ್ತಿ ಬಟ್ಟೆ ಕಡಿಮೆ, ಒದ್ದೆಯಾದರೆ ಇನ್ನೂ ಕಡಿಮೆ. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿಯನ್ನು ಕಾಯುತ್ತದೆ, ಕೆನ್ನೆಯನ್ನು ಕಾಯುವುದಿಲ್ಲ. ಕೆನ್ನೆ, ಕಿವಿ, ಕತ್ತಿಗೆ ನೆರಳು ಬೀಳಬೇಕಾದರೆ ಸುತ್ತಲೂ ಮೂರು ಅಂಗುಲದ ಅಂಚಿರುವ ಟೊಪ್ಪಿ ಬೇಕು. ಛತ್ರಿಯನ್ನು ಮಳೆಗಾಲಕ್ಕೆಂದೇ ಮೀಸಲಿಡುವುದೂ ಬೇಡ.

ಇಷ್ಟು ಮುಚ್ಚಿಕೊಂಡ ಮೇಲೆ ಸನ್‌ಸ್ಕ್ರೀನ್ ಬೇಕಾಗುವುದು ಮುಖ, ಕುತ್ತಿಗೆ, ಕೈಬೆರಳಿಗಷ್ಟೇ. ಖರ್ಚು ತಾನಾಗಿ ಇಳಿಯುತ್ತದೆ.

ಮಾಡಬಾರದ್ದು

ಬಿಸಿಲಿಗೆ ಕಪ್ಪಾದ ಜಾಗಕ್ಕೆ ನಿಂಬೆಹಣ್ಣು ಉಜ್ಜಿ ಹೊರಗೆ ಹೋಗಬೇಡಿ. ನಿಂಬೆರಸದಲ್ಲಿರುವ ಒಂದು ವಸ್ತು ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಡುತ್ತದೆ, ಬೊಬ್ಬೆ ಏಳುತ್ತದೆ, ತಿಂಗಳುಗಟ್ಟಲೆ ಕಪ್ಪು ಪಟ್ಟೆ ಉಳಿಯುತ್ತದೆ. ಅರಿಶಿನ, ಕಡಲೆಹಿಟ್ಟು, ತೆಂಗಿನೆಣ್ಣೆ ಇವುಗಳ ಮೇಲೆ ನನಗೆ ಪ್ರೀತಿಯಿದೆ. ಬಿಸಿಲು ತಡೆಯುವ ಕೆಲಸಕ್ಕೆ ಅವು ಸಾಲವು.

ಇದಕ್ಕಿಂತ ದೊಡ್ಡ ಅಪಾಯ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು. ಹತ್ತು ದಿನದಲ್ಲಿ ಬಂಗು ತಿಳಿಯಾಗಿ ಮುಖ ಹೊಳೆಯುತ್ತದೆ. ಆರು ತಿಂಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ರೋಮ ಬೆಳೆದು, ಬಿಸಿಲು ತಾಕಿದರೆ ಉರಿಯುವಂತಾಗುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಕಪ್ಪು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿಸಿತು. ನೆಂಟರು, ಪಕ್ಕದ ಮನೆಯವರು "ನನಗೆ ಹೋಯಿತು, ನೀನೂ ಹಚ್ಚು" ಎಂದು ಕೊಡುವ ಟ್ಯೂಬಿನಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳಿವೆಯೇ ಎಂದು ನೋಡಿ. ಇದ್ದರೆ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ತಡಮಾಡದೆ ಚರ್ಮವೈದ್ಯರನ್ನು ಕಾಣಿರಿ.

ಕೆಲವರಿಗೆ ಬೇರೆ ಲೆಕ್ಕ

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳೇ ಸಾಕು. ದೊಡ್ಡ ಮಕ್ಕಳಿಗೆ ಖನಿಜದ ಬಗೆ, ಜೊತೆಗೆ ಟೊಪ್ಪಿ. ತೊನ್ನು ಇರುವವರ ಬಿಳಿ ಮಚ್ಚೆಗಳಲ್ಲಿ ರಕ್ಷಣೆ ಕೊಡುವ ಮೆಲನಿನ್ ಎಂಬ ಬಣ್ಣದ ವಸ್ತು ಇರುವುದಿಲ್ಲ, ಅಲ್ಲಿ ತಪ್ಪದೆ ಹಚ್ಚಬೇಕು. ಹುಟ್ಟಿನಿಂದ ಮೈಯೆಲ್ಲ ಬಿಳಿಯಾಗಿರುವ ಆಲ್ಬಿನಿಸಂ ಇರುವವರಿಗೆ ಚರ್ಮದ ಕ್ಯಾನ್ಸರ್ ಅಪಾಯ ನಿಜವಾಗಿಯೂ ಹೆಚ್ಚು, ಅವರಿಗಿದು ದಿನದ ಔಷಧದಂತೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮೊಡವೆಗೆ ಕೊಡುವ ರೆಟಿನಾಯ್ಡ್‌ಗಳು ಚರ್ಮವನ್ನು ಬಿಸಿಲಿಗೆ ನಾಜೂಕಾಗಿಸುತ್ತವೆ. ಮಾತ್ರೆ ನಿಲ್ಲಿಸಬೇಡಿ, ರಕ್ಷಣೆ ಹೆಚ್ಚಿಸಿ.

ವಿಟಮಿನ್ ಡಿ ಕಡಿಮೆಯಾಗುವುದಿಲ್ಲವೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್ ಕಂಡೇ ಇರದವರಲ್ಲೂ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಮುಖಕ್ಕೆ ಹಚ್ಚಿಕೊಂಡು ತೋಳು, ಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲು ಬಿಡಬಹುದು. ಸಂದೇಹವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ಬಂಗು ಇರುವ ಕೆನ್ನೆಯನ್ನು ಇದಕ್ಕಾಗಿ ಬಿಸಿಲಿಗೊಡ್ಡಬೇಕಿಲ್ಲ.

ಇಷ್ಟೆಲ್ಲ ಮಾಡಿದರೆ ಫಲವಿದೆಯೇ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ ಒಂದು ಗುಂಪು ಪ್ರತಿದಿನ, ಇನ್ನೊಂದು ಗುಂಪು ತಮಗೆ ತೋಚಿದಂತೆ ಸನ್‌ಸ್ಕ್ರೀನ್ ಹಚ್ಚಿತು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆ ಕಂಡಿತು ಎಂದು 2013ರಲ್ಲಿ ಪ್ರಕಟವಾಯಿತು. ಆ ಜನ ನಮಗಿಂತ ಬಿಳಿಯರು, ಹಾಗಾಗಿ ಅಂಕಿಯನ್ನು ಹಾಗೇ ನಮಗೆ ಅನ್ವಯಿಸಲಾಗದು. ಆದರೆ ಎರಡು ಗುಂಪುಗಳ ಕೈಯಲ್ಲೂ ಸನ್‌ಸ್ಕ್ರೀನ್ ಇತ್ತು, ಭೇದ ಬಂದದ್ದು ದಿನವೂ ಹಚ್ಚಿದ್ದರಿಂದ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಟ್ಯೂಬಿನ ಪಾಲನೆ

ಸ್ಕೂಟರಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ. ಆ ಕಾವಿಗೆ ಒಳಗಿನ ಮಿಶ್ರಣ ಒಡೆಯುತ್ತದೆ. ಒತ್ತಿದಾಗ ಮೊದಲು ನೀರು, ಆಮೇಲೆ ಗಟ್ಟಿ ಬಂದರೆ ಎಸೆಯಿರಿ. ರಾತ್ರಿ ಮಲಗುವ ಮುನ್ನ ಮುಖ ತೊಳೆಯಿರಿ. ನೀರಿಗೆ ಜಗ್ಗದ ಬಗೆಯಾದರೆ ಮೊದಲು ನಾಲ್ಕು ಹನಿ ಎಣ್ಣೆ ಅಥವಾ ಕ್ಲೆನ್ಸರ್ ಹಚ್ಚಿ ಒರೆಸಿ, ನಂತರ ತೊಳೆಯಿರಿ.

ಹೊಸ ಟ್ಯೂಬ್ ತೆರೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ದಿನಕ್ಕೊಮ್ಮೆ ಎರಡು ಬೆರಳಿನ ಅಳತೆಯಲ್ಲಿ ಮುಖಕ್ಕೂ ಕುತ್ತಿಗೆಗೂ ಹಚ್ಚಿದರೆ 50 ಗ್ರಾಂ ಸುಮಾರು ಆರು ವಾರಕ್ಕೆ ಮುಗಿಯಬೇಕು. ಎರಡು ತಿಂಗಳಾದರೂ ಮುಗಿಯದಿದ್ದರೆ ಕೈ ಬಿಗಿಯಾಗಿದೆ ಎಂದರ್ಥ. ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮನಿಗೊಂದು ಟಿಂಟೆಡ್ ಟ್ಯೂಬ್ ಕೊಟ್ಟು, ಅವಳಿಂದಲೇ ತಾರೀಖು ಬರೆಸಿ ಬಂದಿದ್ದೇನೆ. ಭಾನುವಾರಕ್ಕೆ ಆರು ವಾರ ತುಂಬುತ್ತದೆ. ಫೋನ್ ಮಾಡಿ, ಟ್ಯೂಬಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳಬೇಕು.